ಕಾರಣ: ರೊಟ್ಟಿ

ಜನವರಿ 6, 2025

ಈ ಡೈರಿ ಔಷಧದ ಕಂಪನಿಯವರು ಪುಕ್ಕಟೆ ಕೊಟ್ಟದ್ದು. ಪ್ರತಿ ಪುಟದ ಕೆಳಗೂ ನೋವಿನ ಮುಲಾಮಿನ ಟ್ಯೂಬು ಅಚ್ಚಾಗಿದೆ. ಒಳ್ಳೆಯ ದಿನ ನೋಡಿ ಶುರು ಮಾಡೋಣವೆಂದು ಆರು ದಿನ ಕಾದೆ. ಇವತ್ತು ಒಳ್ಳೆಯ ದಿನವೇನಲ್ಲ, ಜಗಳದ ದಿನ. ಆದರೆ ಗೆದ್ದದ್ದು ನಾನು. ಅದಕ್ಕೇ ಬರೆದಿಡುತ್ತಿದ್ದೇನೆ.

ಜಗಳ ಡಾಕ್ಟರ್ ನಿತಿನ ಅವರ ಜೊತೆ. ನಮ್ಮ ಆಸ್ಪತ್ರೆಯ ಎಲುಬಿನ ಡಾಕ್ಟರು. ಕೈಗುಣ ಒಳ್ಳೆಯದು, ಬರೆಯುವುದೆಂದರೆ ಮಾತ್ರ ಬೇಸರ. ಇವತ್ತು ಹನ್ನೊಂದು ಚೀಟಿಗಳಲ್ಲಿ ಬರೀ "ಕೈ ನೋವು" ಎಂದಿತ್ತು. ಎಡಗೈಯೋ ಬಲಗೈಯೋ? ಬೆರಳೋ ಮಣಿಕಟ್ಟೋ? ಬಿದ್ದು ಬಂದದ್ದೋ ದುಡಿದು ಬಂದದ್ದೋ? ಹನ್ನೊಂದನ್ನೂ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟೆ.

"ಯಶೋಧರಾ, ನಾ ರೋಗಿ ನೋಡ್ಲೋ, ನಿನ್ನ ಪರೀಕ್ಷಾ ಬರೀಲೋ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ?" ಎಂದರು.

"ನಮ್ಮ ವಿಭಾಗದಾಗ ಬೇಕ್ರಿ ಸರ್. ಕನ್ನಡಿ ಮ್ಯಾಲ ನಿಮ್ಮ ಸಹಿನೂ ಬೇಕು. ನೀವು ಬರದಿಲ್ಲಂದ್ರ ಅದು ಆಗೇ ಇಲ್ಲ."

ನಕ್ಕರು. ಹನ್ನೊಂದನ್ನೂ ಕೂತು ತಿದ್ದಿದರು.

ನನ್ನ ಕೆಲಸವೇನೆಂದು ಕೇಳಿದವರಿಗೆಲ್ಲ ಹೇಳಿ ಸಾಕಾಗಿದೆ. ಡಾಕ್ಟರು ಬರೆದ ರೋಗಕ್ಕೆ ಅಂಕಿ ಹಚ್ಚುತ್ತೇನೆ. ಹೆಬ್ಬೆರಳಿನ ಬುಡದ ನರ ಬಾತರೆ ಎಂ 65.4. ಮಾಡಿದ್ದನ್ನೇ ಮಾಡಿ ಮಾಡಿ ಹಾಗಾಗಿದ್ದರೆ ಜೊತೆಗೆ ಎಕ್ಸ್ 50. ಅದರ ಬಾಲಕ್ಕೆ ಇನ್ನೊಂದು ಅಂಕಿ: ಪಗಾರದ ಕೆಲಸದಲ್ಲಿ ಬಂದದ್ದಾದರೆ ಎರಡು, ಮನೆಗೆಲಸದಲ್ಲಿ ಬಂದದ್ದಾದರೆ ಮೂರು. ಜನ ಇದನ್ನು ಗುಮಾಸ್ತಿಕೆ ಅನ್ನುತ್ತಾರೆ. ಅನ್ನಲಿ.

ಹಳೆಯ ಫೈಲುಗಳಲ್ಲಿ ಇನ್ನೊಂದು ಚಂದ ಕಂಡೆ. ಮೂರು ತಿಂಗಳು ಮತ್ತೆ ಬಾರದ ರೋಗಿಯ ಫೈಲಿನ ಮೇಲೆ "ಗುಣವಾಗಿದೆ" ಎಂದು ಬರೆದು ಮುಚ್ಚಿಬಿಡುವ ಪದ್ಧತಿ. ಸತ್ತವರೂ ಮತ್ತೆ ಬರುವುದಿಲ್ಲವಲ್ಲ! ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಅಜಿತ ಸರ್‌ಗೆ ಹೇಳಿ ಅದನ್ನು ನಿಲ್ಲಿಸಿದೆ. ಈಗ "ಮತ್ತೆ ಬಂದಿಲ್ಲ" ಎಂದಷ್ಟೇ ಬರೆಯುತ್ತೇವೆ.

ಮಧ್ಯಾಹ್ನ ನಮ್ಮ ಊರಿನವನೇ ಆದ ಗೇಟಿನ ಕಾವಲುಗಾರ ಸಿದ್ರಾಯ ದೊಡ್ಡವ್ವನ ಡಬ್ಬಿ ತಂದುಕೊಟ್ಟ. ದೊಡ್ಡವ್ವ ಸಾವಂತ್ರೆವ್ವ ನನ್ನ ಅವ್ವನ ಅಕ್ಕ. ಅವ್ವ ಹೋದಾಗ ನನಗೆ ನಾಲ್ಕು ವರ್ಷ. ಸಾಕಿದವಳು, ಬೆಳಗಾವಿಯಲ್ಲಿ ಈ ಕೋರ್ಸು ಓದಿಸಿದವಳು ಇವಳೇ. ದಿನಾ ಘೋಡಗೇರಿಯಿಂದ ಬಸ್ಸಿನಲ್ಲಿ ಗೋಕಾಕಕ್ಕೆ ಬಂದು ಕರದಂಟು ಸಿಹಿ ಮಾಡುವ ಭಟ್ಟಿಯಲ್ಲಿ ದುಡಿಯುತ್ತಾಳೆ. ಹೋಗುವ ದಾರಿಯಲ್ಲಿ ಡಬ್ಬಿಯನ್ನು ಗೇಟಿನಲ್ಲಿ ಬಿಡುತ್ತಾಳೆ. ಒಳಗೆ ಬರಬೇಡವೆಂದು ನಾನೇ ಹೇಳಿದ್ದೇನೆ. ಬೆಲ್ಲದ ಪಾಕದ ಕಲೆಯ ಸೀರೆ, ಹಿಂದೆ ನೊಣ. ಇವತ್ತು ಎರಡು ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಅವಳಷ್ಟು ತೆಳ್ಳಗೆ ಬಡಿಯುವವರು ಹುಕ್ಕೇರಿ ತಾಲೂಕಿನಲ್ಲೇ ಇಲ್ಲ.

ಜನವರಿ 9

ದೊಡ್ಡವ್ವ ದುಡಿಯುವ ಭಟ್ಟಿಯಿಂದಲೇ ಇವತ್ತು ಒಬ್ಬಾಕೆ ಬಂದಿದ್ದಳು, ಮೇಲವಂಕಿಯ ಅಕ್ಕವ್ವ. ಮೊನ್ನೆಯ ಜಗಳದ ಮೇಲೆ ಡಾಕ್ಟರ ಬಾಗಿಲ ಹೊರಗೆ ನನಗೊಂದು ಸಣ್ಣ ಮೇಜು ಹಾಕಿದ್ದಾರೆ. ಒಳಗೆ ಹೋಗುವ ಮುನ್ನ ಕೈಯವರಿಗೆ ನಾನು ಎರಡು ಪ್ರಶ್ನೆ ಕೇಳಿ ಚೀಟಿ ತುಂಬುತ್ತೇನೆ.

"ಯಾವಾಗ ನೋಯ್ತೈತಿ?"

"ರೊಟ್ಟಿ ಬಡಿವಾಗರಿ ಬಾಯಾರ. ಬಡದ ಕೈ ಮ್ಯಾಲ ಎತ್ತಾಕ ಬರಂಗಿಲ್ಲ."

"ಯಾಕ ಬಂತು? ಹಗಲೆಲ್ಲಾ ಏನ್ ಕೆಲಸಾ ಮಾಡ್ತೀರಿ?"

"ಕೊಬ್ಬರಿ ಹೆಚ್ಚೂದರಿ. ಮುಂಜಾನಿ ಎಂಟರಿಂದ ಸಂಜಿ ಏಳರ ತನಕ. ಉತ್ತತ್ತಿ ಬೀಜಾ ತಗಿಯೂದು, ಕಡಾಯಿಯೊಳಗ ಪಾಕಾ ತಿರುವೂದು. ಪಾಕಾ ಗಟ್ಟಿ ಆಗಾಕ ಹತ್ತಿದ್ರ ಹುಟ್ಟು ಅಳ್ಳಾಡಂಗಿಲ್ಲರಿ, ನಾವ ಅಳ್ಳಾಡತೇವಿ."

ಎರಡನೆಯ ಪ್ರಶ್ನೆ ಯಾಕೆ ಬೇಕು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಮ್ಮ ಕಡೆ ಯಾವ ಹೆಂಗಸಿಗೆ ಕೈ ಯಾವಾಗ ನೋಯುತ್ತದೆ ಎಂದು ಕೇಳಿದರೂ ರೊಟ್ಟಿ ಬಡಿಯುವಾಗ ಎನ್ನುತ್ತಾಳೆ. ಉಳಿದ ಹೊತ್ತು ನೋವಿಲ್ಲವೆಂದಲ್ಲ. ರೊಟ್ಟಿ ಕೆಟ್ಟಾಗ ಮಾತ್ರ ಮನೆಯವರಿಗೆ ಅದು ಗೊತ್ತಾಗುತ್ತದೆ. ಮೊದಲ ಪ್ರಶ್ನೆಗೇ ನಿಲ್ಲಿಸಿದರೆ ಇಡೀ ಜಿಲ್ಲೆಯ ಕೈಗಳನ್ನು ರೊಟ್ಟಿಯೇ ತಿಂದಿತು ಎಂದಾಗುತ್ತದೆ. ಹೊಸಬರು ಮಾಡುವ ತಪ್ಪು ಅದು.

ಭಟ್ಟಿಯಲ್ಲಿ ಒಂದು ಒಪ್ಪಂದವಿದೆಯಂತೆ. ಕೆಲಸದಿಂದಲೇ ಕೈ ಕೆಟ್ಟಿತೆಂದು ಆಸ್ಪತ್ರೆಯ ಕಾಗದವಿದ್ದರೆ ಮಾಲೀಕರು ಆ ಹೆಂಗಸನ್ನು ತೆಗೆಯುವ ಹಾಗಿಲ್ಲ, ಕೂತು ಪೊಟ್ಟಣ ಕಟ್ಟುವ ಹಗುರ ಕೆಲಸ ಕೊಡಬೇಕು. ಅಕ್ಕವ್ವ ಆ ಕಾಗದವನ್ನು ಕುಪ್ಪಸದೊಳಗೆ ಇಟ್ಟುಕೊಂಡು ಹೋದಳು. ಬಾಲಕ್ಕೆ ನಾನು ಹಚ್ಚಿದ್ದು ಎರಡು. ಖುಷಿಯಾಯಿತು.

ಜನವರಿ 15

ನಿನ್ನೆ ಸಂಕ್ರಾಂತಿ. ಊರಿಗೆ ಹೋಗಲಾಗಲಿಲ್ಲ. ದೊಡ್ಡವ್ವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇವತ್ತು ಕಳಿಸಿದ್ದಾಳೆ. ದಪ್ಪ. ಕಡಿಯಲು ದವಡೆ ನೋಯಿತು. ವಯಸ್ಸಾಯಿತೋ, ಅವಸರವೋ.

ಜನವರಿ 28

ಅಜಿತ ಸರ್ ಕರೆಸಿ ಕುರ್ಚಿ ಕೊಟ್ಟರು. ಮೂರು ವರ್ಷದಲ್ಲಿ ಇದೇ ಮೊದಲ ಸಲ. ಚಹಾನೂ ತರಿಸಿದರು. ಕುರ್ಚಿ ಮತ್ತು ಚಹಾ ಒಟ್ಟಿಗೆ ಬಂದರೆ ಹಿಂದೆ ಇನ್ನೇನೋ ಬರುತ್ತದೆ ಎಂದು ನನಗೆ ಗೊತ್ತು.

"ಯಶೋಧರಾ, ಮೂಡಲಗ್ಯಾಗ ನಮ್ಮ ಹೊಸಾ ಶಾಖೆ ಜೂನದಾಗ ಸುರು ಆಗತೈತಿ. ರೆಕಾರ್ಡ್ ವಿಭಾಗಕ್ಕ ಒಬ್ಬರು ಮುಖ್ಯಸ್ಥರು ಬೇಕು. ನಿಮ್ಮ ಹೆಸರು ಬರದೇನಿ."

ನನ್ನ ಕಿವಿ ಬಿಸಿಯಾಯಿತು. ಮುಖ್ಯಸ್ಥೆ. ಸ್ವಂತ ಕೋಣೆ. ಘೋಡಗೇರಿಯ ನಮ್ಮ ಓಣಿಯಿಂದ ಇಲ್ಲಿತನಕ ಯಾರ ಹೆಸರೂ ಬಾಗಿಲ ಮೇಲೆ ಬಂದಿಲ್ಲ.

"ಒಂದ ಸಣ್ಣ ಮಾತು. ಈ ತಿಂಗಳ ಒಂದ ಕರದಂಟಿನ ಭಟ್ಟಿಯವರು ಆರು ಮಂದಿ ಬಂದಾರ. ಆರಕ್ಕೂ ನೀವು ಎರಡ ಹಚ್ಚೀರಿ. ಮೂಡಲಗಿ ಕಟ್ಟಡ ಯಾರದು ಗೊತ್ತೈತಲ್ಲ?"

ಗೊತ್ತಿರಲಿಲ್ಲ. ಭಟ್ಟಿಯ ಮಾಲೀಕರದ್ದಂತೆ.

"ಸುಳ್ಳ ಬರೀರಿ ಅಂತ ನಾ ಅನ್ನಂಗಿಲ್ಲ. ರೋಗಿ ಹೇಳಿದ್ದನ್ನ ಬರೀರಿ. ಆದ್ರ ಎರಡೆರಡು ಪ್ರಶ್ನೆ ಯಾಕ? ಹೊತ್ತು ಹೋಗತೈತಿ, ಹೊರಗ ಪಾಳಿ ಬೆಳಿತೈತಿ. ಒಂದ ಸಾಕು. ವಿಚಾರ ಮಾಡ್ರಿ."

ಸುಳ್ಳು ಬರೆಯಿರಿ ಎಂದಿದ್ದರೆ ಎದ್ದು ಬಂದುಬಿಡುತ್ತಿದ್ದೆ. ಅವರು ಹಾಗೆ ಅನ್ನಲಿಲ್ಲ.

ಫೆಬ್ರವರಿ 3

ಹೊಸ ಚೀಟಿ ನಾನೇ ರಚಿಸಿದೆ. ಅರ್ಧ ಹಾಳೆ, ಒಂದೇ ಪ್ರಶ್ನೆ: ಯಾವಾಗ ನೋಯುತ್ತದೆ? ಅದರ ಪಕ್ಕದಲ್ಲೇ ಕಾರಣದ ಮನೆ, ಅಂಕಿಯ ಮನೆ. ಮೊದಲು ಒಬ್ಬರಿಗೆ ಒಂಬತ್ತು ನಿಮಿಷ ಹಿಡಿಯುತ್ತಿತ್ತು, ಈಗ ಮೂರು. ಯಾಕೆ ಬಂತು ಎಂದು ಹೇಳಲು ರೋಗಿಗಳೇನು ಡಾಕ್ಟರೇ? ಕೇಳಿದ್ದು ನಮ್ಮದೇ ತಪ್ಪು. ವಿಚಾರ ಮಾಡಿದಷ್ಟೂ ಇದೇ ಸರಿ ಅನಿಸುತ್ತಿದೆ.

ಫೆಬ್ರವರಿ 4

ಐವರು ಬಂದರು. ಐವರೂ ರೊಟ್ಟಿ ಎಂದರು. ಐದಕ್ಕೂ ಮೂರು.

ಫೆಬ್ರವರಿ 19

ಇವತ್ತು ಒಬ್ಬ ಮುದುಕಿ ತಲೆ ತಿಂದಳು. ಇಂದುಬಾಯಿ, ಅರವತ್ತೊಂದು, ಅದೇ ಭಟ್ಟಿ. ಬಲಗೈಯ ನಡುಬೆರಳು ಮಡಿಸಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನೊಂದು ಕೈಯಿಂದ ಎಳೆದರೆ ಟಕ್ಕೆಂದು ಬಿಡುತ್ತದೆ. ನಾಲ್ಕು ಸಲ ತೋರಿಸಿದಳು, ನಾನು ಒಂದೇ ಸಲ ಕೇಳಿದ್ದೆ.

"ರೊಟ್ಟಿ ಬಡಿವಾಗ ನೋಯ್ತೈತಿಲ್ಲ?" ಎಂದೆ. ಬೇಗ ಮುಗಿಯಲಿ ಎಂದು ಈಗೀಗ ಹಾಗೇ ಕೇಳುತ್ತೇನೆ.

"ಅಗಬಾಯಿ! ರೊಟ್ಟಿ? ನಾ ಹಂಚು ಮುಟ್ಟಲಾರದ ಎಂಟ ವರ್ಷ ಆತು. ಸೊಸಿ ಬಡಿತಾಳ. ಬಡದ್ರೂ ನಾ ಎಲ್ಲಿ ಉಣಬೇಕು? ನಮ್ಮ ಜೈನರಲ್ಲೆ ಹೊತ್ತು ಮುಳುಗೂದ್ರೊಳಗ ಊಟಾ ಆಗಬೇಕರಿ. ಭಟ್ಟಿ ಬಿಟ್ಟು ಮನಿ ಮುಟ್ಟೂದ್ರಾಗ ಕತ್ತಲಿ. ನೀರ ಸೈತ ಕುಡಿಲಾರದ ಮಲಗತೇನಿ. ಬೆರಳ ಕೆಟ್ಟದ್ದು ಕೊಬ್ಬರಿ ಹೆಚ್ಚಿ, ಬರ್ಕೊಳ್ರಿ."

ಬರ್ಕೊಳ್ರಿ ಅಂತೆ! ನನಗೆ ಹೇಳಿಕೊಡಲು ಬಂದವಳು. ಅಡುಗೆಮನೆಗೇ ಹೋಗದವಳಿಗೆ ರೊಟ್ಟಿ ಹಚ್ಚುವುದು ಹೇಗೆಂದು ಒಂದು ಕ್ಷಣ ಪೆನ್ನು ನಿಂತಿತು.

"ಮನ್ಯಾಗ ಏನಾರ ಮಾಡ್ತೀರಿಲ್ಲೊ? ಕಸಾ? ಬಟ್ಟಿ?"

"ನನ್ನ ಸೀರಿ ನಾನ ಹಿಂಡಕೊತೇನಿ."

"ಹಿಂಡುವಾಗ ನೋಯ್ತೈತಿ?"

"ನೋಯದೆ ಬಿಡತೈತೇನ್ರಿ?"

ಬಟ್ಟೆ ಹಿಂಡುವಾಗ ನೋವು. ಮೂರು. ಬುದ್ಧಿ ಇದ್ದವರಿಗೆ ದಾರಿ ಇದ್ದೇ ಇದೆ.

ಫೆಬ್ರವರಿ 20

ಅಜಿತ ಸರ್ ಎಲ್ಲರೆದುರು ನನ್ನ ಹೆಸರು ಹೇಳಿ ಹೊಗಳಿದರು. ಡಬ್ಬಿಯ ರೊಟ್ಟಿ ಅಂಚು ಹರಿದು ಮೂರು ತುಂಡಾಗಿತ್ತು. ನನ್ನ ಪಕ್ಕ ಕೂತವರ ಡಬ್ಬಿಯಲ್ಲಿ ಚಪಾತಿ, ನನ್ನದರಲ್ಲಿ ಈ ಚೂರು. ನಾಚಿಕೆಯಾಯಿತು. ಸರಿಯಾಗಿ ಬಡಿ, ಇಲ್ಲಾಂದರೆ ತರಲೇಬೇಡ ಎಂದು ಹೇಳು ಅಂತ ಸಿದ್ರಾಯನಿಗೆ ಹೇಳಿದೆ.

"ಬಾಯಾರ, ಆಕಿ ಇವತ್ತ ಡಬ್ಬಿ ಎಡಗೈಲೆ ಕೊಟ್ಲರಿ," ಎಂದ.

ಗೇಟು ಕಾಯುವವನು ಗೇಟು ಕಾಯಬೇಕು.

ಮಾರ್ಚ್ 4

ಡಾಕ್ಟರ್ ನಿತಿನ ಒಂದು ಕಟ್ಟು ಚೀಟಿ ಹಿಡಿದು ನನ್ನ ಮೇಜಿಗೇ ಬಂದರು.

"ಹೋದ ತಿಂಗಳ ಇಪ್ಪತ್ತೆರಡು ಕೈ. ಹದಿನೇಳು ಒಂದ ಭಟ್ಟಿಯವು. ಎಲ್ಲಾಕ್ಕೂ ಮನೀ ಕೆಲಸಾ ಕಾರಣ? ನಮ್ಮ ಆಯಿ ಎಂಬತ್ತ ವರ್ಷದ ತನಕ ರೊಟ್ಟಿ ಬಡದಾಳ. ಆಕಿ ಕೈಗೆ ಏನೂ ಆಗಿದ್ದಿಲ್ಲ."

"ಚೀಟಿಯೊಳಗ ನೀವು ಬ್ಯಾರೆ ಏನಾರ ಬರದೀರೇನ್ರಿ ಸರ್? ನೀವ ಸಹಿ ಮಾಡೀರಿ. ಬರದಿಲ್ಲಂದ್ರ ಆಗಿಲ್ಲ."

ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು. ಆಮೇಲೆ, "ನೀ ಮೊದಲ ನನ್ನ ಕೂಡ ಜಗಳಾ ಆಡತಿದ್ದಿ. ಚಲೋ ಇತ್ತು," ಎಂದು ಹೋದರು.

ಗೆದ್ದೆ. ಆದರೂ ಜನವರಿಯಲ್ಲಿ ಗೆದ್ದಷ್ಟು ಖುಷಿಯಾಗಲಿಲ್ಲ. ಚಹಾ ತಣ್ಣಗಿತ್ತು, ಅದಕ್ಕಿರಬೇಕು.

ಮಾರ್ಚ್ 11

ಪಾಳಿಯ ಪಟ್ಟಿಯಲ್ಲಿ ಹದಿಮೂರನೆಯ ಹೆಸರು: ಸಾವಂತ್ರೆವ್ವ, 54, ಘೋಡಗೇರಿ, ಬಲಗೈ.

ತಲೆ ಎತ್ತಿ ನೋಡಿದರೆ ಬೆಂಚಿನ ತುದಿಯಲ್ಲಿ ಕೂತಿದ್ದಾಳೆ. ಕಲೆಯಿಲ್ಲದ ಸೀರೆ ಉಟ್ಟುಕೊಂಡು ಬಂದಿದ್ದಳು, ನಾನು ಮೊದಲ ಪಗಾರದಲ್ಲಿ ಕೊಡಿಸಿದ ಹಸಿರು ಸೀರೆ. ಭಟ್ಟಿಯವರೇ ಕಳಿಸಿದ್ದಂತೆ. ನನಗೆ ಸಿಟ್ಟು ಬಂತು. ಹೇಳದೆ ಕೇಳದೆ ಬರುವುದೇ? ಅಜಿತ ಸರ್ ಆಗಷ್ಟೇ ಮೊಗಸಾಲೆಯಲ್ಲಿ ನಿಂತು ಯಾರ ಜೊತೆಗೋ ಮಾತಾಡುತ್ತಿದ್ದರು. ಇವಳು ಎಲ್ಲಿ "ಯಶೋ" ಎಂದು ಕೂಗಿಬಿಡುತ್ತಾಳೋ ಎಂದು ಅಂಜಿಕೆ.

ಕೂಗಲಿಲ್ಲ. ನನ್ನೆದುರಿನ ಸ್ಟೂಲಿನ ಮೇಲೆ ಕೂತು ಕೈ ಮುಗಿದಳು. "ನಮಸ್ಕಾರರಿ ಮೇಡಂ," ಎಂದಳು. ಕಣ್ಣಿನಲ್ಲಿ ಮಾತ್ರ ನಗು. ಮುಗಿದ ಕೈಯ ಬಲ ಹೆಬ್ಬೆರಳು ಎಡದ್ದಕ್ಕೆ ತಾಕಲೇ ಇಲ್ಲ, ಆಚೆಗೆ ನಿಂತಿತ್ತು. ಬುಡದಲ್ಲಿ ಅಡಿಕೆಯಷ್ಟು ಬಾವು.

ಎಲ್ಲರನ್ನೂ ಕೇಳುವ ಹಾಗೇ ಕೇಳಿದೆ. "ಯಾವಾಗ ನೋಯ್ತೈತಿ?"

"ರೊಟ್ಟಿ ಬಡಿವಾಗರಿ ಮೇಡಂ. ಈಗ ಎರಡ ತಿಂಗಳಾತು, ಅಂಚ ಹರಿತಾವ. ಉಣ್ಣಾವರು ಸಿಟ್ಟ ಮಾಡ್ತಾರ." ಮತ್ತೆ ಕಣ್ಣಿನಲ್ಲೇ ನಕ್ಕಳು. "ಖರೆ ಅಂದ್ರ, ಭಟ್ಟಿಯೊಳಗ ಪಾಕಾ ತಿರುವಾಗ ಒಂದ ದಿನ..."

"ಕೇಳಿದಷ್ಟ ಹೇಳ್ರಿ," ಎಂದೆ.

ಬಾಯಿ ಮುಚ್ಚಿದಳು. ನಾನು ಸಣ್ಣವಳಿದ್ದಾಗ ಸಾಲಿಯಿಂದ ಬಂದು ಪಾಠ ಒಪ್ಪಿಸುವಾಗ ಹೀಗೇ ಬಾಯಿ ಮುಚ್ಚಿ ಕೇಳುತ್ತಿದ್ದಳು.

ಡಾಕ್ಟರು ಅವಳ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ ಕೈಯನ್ನು ಕಿರುಬೆರಳ ಕಡೆ ಬಾಗಿಸಿದಾಗ ಅವಳು ಕೂಗಿದ್ದು ಹೊರಗೆ ನನ್ನ ಮೇಜಿಗೂ ಕೇಳಿತು. ಇಂಜೆಕ್ಷನ್ನು, ಪಟ್ಟಿ, ಹದಿನೈದು ದಿನ ಬಿಟ್ಟು ಮತ್ತೆ ಬಾ. ತಡವಾದರೆ ಆಪರೇಷನ್ ಎಂದಿದ್ದಾರೆ.

ಚೀಟಿ ನನ್ನ ಕಡೆಗೆ ಬಂತು. ಎಂ 65.4, ಬಲ. ಎಕ್ಸ್ 50. ಬಾಲದ ಮನೆ ಖಾಲಿ. ನಾನು ಪಕ್ಷಪಾತ ಮಾಡುವವಳಲ್ಲ. ಹದಿನೇಳು ಜನಕ್ಕೆ ಒಂದು ನ್ಯಾಯ, ನಮ್ಮ ಮನೆಯವರಿಗೆ ಇನ್ನೊಂದು ಎಂದರೆ ಅದು ಮೋಸ. ಕಾರಣದ ಮನೆಯಲ್ಲಿ ರೊಟ್ಟಿ ಎಂದು ಬರೆದು ಮೂರು ಹಚ್ಚಿ ಸಹಿ ಮಾಡಿದೆ.

ಮಾರ್ಚ್ 12

ಡಬ್ಬಿಯಲ್ಲಿ ಅನ್ನ ಬಂದಿತ್ತು. ಅನ್ನ ಉಂಡರೆ ನನಗೆ ಮಧ್ಯಾಹ್ನ ನಿದ್ದೆ ಬರುತ್ತದೆ.

ಏಪ್ರಿಲ್ 2

ಭಟ್ಟಿಯವರು ಒಂದೇ ಸಲಕ್ಕೆ ಎಂಟು ಹೆಂಗಸರನ್ನು ಬಿಡಿಸಿದ್ದಾರೆ. ಇಂದುಬಾಯಿ ಇದ್ದಾಳೆ, ದೊಡ್ಡವ್ವ ಇದ್ದಾಳೆ. ಆಸ್ಪತ್ರೆಯ ಕಾಗದದಲ್ಲಿ ಮನೆಗೆಲಸವೇ ಕಾರಣ ಎಂದಿರುವುದರಿಂದ ಒಪ್ಪಂದ ಇವರಿಗೆ ಅನ್ವಯಿಸುವುದಿಲ್ಲವಂತೆ. ಜನವರಿಯಲ್ಲಿ ಕಾಗದ ಒಯ್ದ ಅಕ್ಕವ್ವ ಮತ್ತು ಉಳಿದ ಐವರು ಮಾತ್ರ ಪೊಟ್ಟಣ ಕಟ್ಟುತ್ತ ಕೂತಿದ್ದಾರೆ. ಎಂಟೂ ಜನ ಸೇರಿ ಲೇಬರ್ ಸಾಹೇಬರಿಗೆ ಒಂದೇ ಅರ್ಜಿ ಕೊಟ್ಟಿದ್ದಾರೆ. ನಮ್ಮನ್ನೂ ಕೂಡ್ರಿಸಿ ಕೆಲಸ ಕೊಡಿಸಿರಿ ಎಂದು, ಅಷ್ಟೇ. ಸಾಹೇಬರು ಆಸ್ಪತ್ರೆಯ ದಾಖಲೆ ಕೇಳಿದ್ದಾರೆ. ಇಪ್ಪತ್ತನಾಲ್ಕಕ್ಕೆ ವಿಚಾರಣೆ, ದಾಖಲೆ ಓದುವುದು ನಾನು.

ಇದೆಲ್ಲ ಸಿದ್ರಾಯ ಹೇಳಿದ್ದು. ಬಸ್ಸಿಗೆ ಬರುವ ಕಾರಣವಿಲ್ಲದ್ದರಿಂದ ಡಬ್ಬಿಯೂ ನಿಂತಿದೆ. ಕ್ಯಾಂಟೀನಿನಲ್ಲಿ ಪೂರಿ ಪರವಾಗಿಲ್ಲ, ಎಣ್ಣೆ ಹೆಚ್ಚು.

ಏಪ್ರಿಲ್ 14

ಬಾಬಾಸಾಹೇಬರ ಜಯಂತಿ. ಘೋಡಗೇರಿಯಲ್ಲಿ ಈ ಹೊತ್ತಿಗೆ ನೀಲಿ ಧ್ವಜ ಏರಿ ಮೆರವಣಿಗೆ ಹೊರಟಿರುತ್ತದೆ. ಪ್ರತಿ ವರ್ಷ ಬೌದ್ಧ ವಿಹಾರದಲ್ಲಿ ವಂದನೆ ಹೇಳಿಕೊಡುವುದು ನಾನೇ. ಈ ವರ್ಷ ಹೋಗಲಿಲ್ಲ. ಆಫೀಸಿನ ಕೆಲಸ ಎಂದು ಹೇಳಿ ಗೋಕಾಕದ ಬಾಡಿಗೆ ಕೋಣೆಯಲ್ಲೇ ಕೂತೆ.

ದೊಡ್ಡವ್ವನ ಫೋನು ಬಂತು.

"ಬರಂಗಿಲ್ಲೇನ ನಮ್ಮವ್ವಾ? ಬಾಬಾಸಾಹೇಬರ ಫೋಟೋಕ್ಕ ಮಾಲಿ ನೀನ ಹಾಕಬೇಕಂತ ಎಲ್ಲಾರೂ ಹಾದಿ ನೋಡಾಕತ್ತಾರ."

"ಕೆಲಸಾ ಐತಿ ದೊಡ್ಡವ್ವಾ. ಕೈ ಹೆಂಗೈತಿ?"

"ಐತಿ, ಹೋಗಿಲ್ಲ. ಎಡಗೈಲೆ ಚಹಾ ಕುಡಿಯೂದು ಕಲತೇನಿ." ನಕ್ಕಳು. "ಕೇಳಿಲ್ಲೆ. ನಮ್ಮ ಕಾಗದ ಎಲ್ಲಾ ನಿನ್ನ ಕೈಯಾಗ ಅದಾವಂತಲ್ಲ? ಇಂದುಬಾಯಿ ಒಂದ ಸವನ ಅಳತಾಳ. ನಾ ಆಕಿಗೆ ಹೇಳೇನಿ, ಕಾಗದ ನನ್ನ ಮಗಳ ಕೈಯಾಗ ಅದಾವ, ಇನ್ಯಾಕ ಚಿಂತಿ ಅಂತ."

ಸಿಗ್ನಲ್ ಸರಿ ಇಲ್ಲ ಎಂದು ಇಟ್ಟುಬಿಟ್ಟೆ. ಸಿಗ್ನಲ್ ಸರಿಯಾಗಿಯೇ ಇತ್ತು. ನನ್ನನ್ನು ಯಾಕೆ ಇಷ್ಟು ನಂಬಬೇಕು ಇವಳು? ನಂಬು ಎಂದು ನಾನು ಹೇಳಿದ್ದೆನೇ?

ಏಪ್ರಿಲ್ 16

ಡಾಕ್ಟರ್ ನಿತಿನ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡು ಕೂತರು. ಚೀಟಿಗೆ ಡಾಕ್ಟರು ಆಮೇಲೂ ತಿದ್ದುಪಡಿ ಬರೆಯಬಹುದು. ತಾರೀಖು ಹಾಕಿ, ಯಾಕೆ ತಿದ್ದಿದೆ ಎಂದು ಬರೆದು ಸಹಿ ಮಾಡಿದರೆ ಅದು ಪೂರಾ ಕಾನೂನುಬದ್ಧ. ಅವರಿಗೆ ಇದನ್ನು ಕಲಿಸಿದವಳೇ ನಾನು.

"ಎಂಟು ಚೀಟಿನೂ ತಿದ್ದತೇನಿ. ನಾ ಯಾಕ ಬಂತು ಅಂತ ಕೇಳಿಲ್ಲ, ನನ್ನ ತಪ್ಪು. ಈಗ ಕೇಳಿದ್ರ ಅರ್ಜಿಗಾಗಿ ಹೇಳ್ಯಾರ ಅಂತಾರ. ನಿನ್ನ ಮುಂದ ಯಾರರ ಒಬ್ಬಾಕಿ ಭಟ್ಟಿ ಹೆಸರು ತಗದಿದ್ರ ಸಾಕು. ಕೊಬ್ಬರಿ, ಪಾಕಾ, ಏನಾರ ಅಂದ್ರೇನು? ನೀ ಹೂಂ ಅನ್ನು, ನಾ ಬರೀತೇನಿ."

ಅವರ ಪೆನ್ನಿನ ಮುಚ್ಚಳ ತೆಗೆದೇ ಇತ್ತು. ಕಿಟಕಿಯ ಆಚೆ ಮೂಡಲಗಿಯ ನಾಮಫಲಕಗಳು ಬಂದಿದ್ದವು, ಕಾಗದ ಸುತ್ತಿ ಗೋಡೆಗೆ ಒರಗಿಸಿದ್ದರು. ಒಂದರ ಕಾಗದ ಹರಿದು "ಯಶೋ" ಎನ್ನುವಷ್ಟು ಕಾಣುತ್ತಿತ್ತು.

"ಇಲ್ಲರಿ ಸರ್. ಯಾರೂ ಅಂದಿಲ್ಲ."

ಅವರು ಮುಚ್ಚಳ ಹಾಕಿ ಎದ್ದರು. ಇದೊಂದು ಸುಳ್ಳು ಎಂದು ಇಲ್ಲಿ ಬರೆದಿಡುತ್ತಿದ್ದೇನೆ. ಒಂದೇ ಒಂದು. ನನ್ನ ಮಟ್ಟಿಗೆ ನಾನು ಪ್ರಾಮಾಣಿಕಳು.

ಏಪ್ರಿಲ್ 24

ವಿಚಾರಣೆ ಮುಗಿಯಿತು.

ಉದ್ದನೆಯ ಮೇಜು. ಒಂದು ಕಡೆ ಮಾಲೀಕರು ಮತ್ತು ಅವರ ವಕೀಲರು, ಇನ್ನೊಂದು ಕಡೆ ಎಂಟು ಹೆಂಗಸರು, ನಡುವೆ ಸಾಹೇಬರು. ನಾನು ಸಾಹೇಬರ ಪಕ್ಕ ಫೈಲುಗಳ ಜೊತೆ. ದೊಡ್ಡವ್ವ ಅದೇ ಹಸಿರು ಸೀರೆ ಉಟ್ಟಿದ್ದಳು. ನಾನು ಒಳಗೆ ಬಂದಾಗ ಇಂದುಬಾಯಿಯನ್ನು ಮೊಣಕೈಯಿಂದ ತಿವಿದು ನನ್ನನ್ನು ತೋರಿಸಿದಳು.

ನಾನು ಒಂದೊಂದೇ ಓದಿದೆ. ಹೆಸರು, ಕೈ, ರೋಗ, ಕಾರಣ. ರೊಟ್ಟಿ. ರೊಟ್ಟಿ. ಬಟ್ಟೆ ಹಿಂಡುವುದು. ರೊಟ್ಟಿ. ಇಂದುಬಾಯಿ ಎದ್ದು ನಿಂತು, "ಸುಳ್ಳರಿ ಸಾಹೇಬ್ರ! ಈಕಿಗೆ ನಾ ಬಾಯಿಬಿಟ್ಟ ಹೇಳೇನಿ!" ಎಂದು ಕೂಗಿದಳು. ವಕೀಲರು, "ಕಾಗದದಾಗ ಹಂಗ ಎಲ್ಲೈತಿ?" ಎಂದರು. ಸಾಹೇಬರು ಕಾಗದ ತಿರುಗಿಸಿ ನೋಡಿದರು. ಇರಲಿಲ್ಲ. ಅವಳನ್ನು ಕೂಡ್ರಿಸಿದರು.

ಎಂಟನೆಯದು ಸಾವಂತ್ರೆವ್ವ. ನನ್ನ ದನಿ ನಡುಗಲಿಲ್ಲ. ನಡುಗುತ್ತದೆ ಅಂದುಕೊಂಡಿದ್ದೆ.

ಸಾಹೇಬರಿಗೇ ಅನುಮಾನ ಬಂದಿರಬೇಕು. ಫೈಲನ್ನು ದೊಡ್ಡವ್ವನ ಮುಂದೆ ಸರಿಸಿದರು. "ಏನವ್ವಾ, ನೀ ಹೇಳು. ಭಟ್ಟಿ ಕೆಲಸದಿಂದ ಕೈ ಹೋಗೇತೋ, ಇದರಾಗ ಬರದಂಗ ರೊಟ್ಟಿಯಿಂದ ಹೋಗೇತೋ? ಅಂಜಬ್ಯಾಡಾ."

ದೊಡ್ಡವ್ವನಿಗೆ ಓದಲು ಬರುವುದಿಲ್ಲ. ನನ್ನ ಸಹಿ ಮಾತ್ರ ಗುರುತಿದೆ. ಹತ್ತನೆಯ ಇಯತ್ತೆಯಲ್ಲಿ ನಾನು ಸಹಿ ಮಾಡುವುದನ್ನು ಕಲಿತಾಗ ಮನೆಯ ಗೋಡೆ, ಹಿಟ್ಟಿನ ಡಬ್ಬ, ಎಲ್ಲದರ ಮೇಲೂ ಮಾಡಿದ್ದೆ. ಅವಳು ಒಂದನ್ನೂ ಅಳಿಸಿರಲಿಲ್ಲ. ಕಾಗದದ ಕೆಳಗೆ ಎಡಗೈ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬೈಯುವ ನೋಟವಲ್ಲ. ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದ ನೋಟ.

"ಇದನ್ನ ಬರದಾಕಿ ಸುಳ್ಳ ಬರೆಯಾಕಿ ಅಲ್ಲರಿ ಸಾಹೇಬ್ರ," ಎಂದಳು. "ರೊಟ್ಟಿ ಅಂತ ಬರದಿದ್ರ ರೊಟ್ಟಿನರಿ."

"ಸಾವಂತ್ರಿ!" ಎಂದು ಇಂದುಬಾಯಿ ಅವಳ ತೋಳು ಹಿಡಿದೆಳೆದಳು.

"ಮನ್ಯಾಗ ಎಷ್ಟ ಮಂದಿ ಇರತೀರಿ?" ಸಾಹೇಬರು ಕೇಳಿದರು.

"ನಾನೊಬ್ಬಾಕೇರಿ."

"ದಿನಾ ಎಷ್ಟ ರೊಟ್ಟಿ ಬಡಿತಿ?"

"ನಾಕರಿ. ನನಗೆರಡು. ಗೋಕಾಕದಾಗ ನೌಕರಿ ಮಾಡೂ ಮಗಳಿಗೆರಡು, ಡಬ್ಬಿಗೆ."

"ನಾಕ ರೊಟ್ಟಿಗೆ ಕೈ ಹೋಗತೈತೇನು?"

"ಹೋಗೇತಲ್ಲರಿ," ಎಂದಳು.

ವಕೀಲರು ನಕ್ಕರು. ಸಾಹೇಬರು ನಗಲಿಲ್ಲ, ಆದರೆ ಬರೆದುಕೊಂಡರು. ಅರ್ಜಿದಾರಳೇ ಒಪ್ಪಿದ ಮೇಲೆ ಉಳಿದ ಏಳು ಜನರದ್ದು ನಿಲ್ಲುವುದಿಲ್ಲ. ಅರ್ಜಿ ವಜಾ. ಹೊರಗೆ ಬರುವಾಗ ಇಂದುಬಾಯಿ ನನ್ನ ಕಡೆ ನೋಡಲೂ ಇಲ್ಲ; ದೊಡ್ಡವ್ವನ ಕಾಲ ಬಳಿ ಉಗುಳಿದಳು. ಎಂಟು ಜನರ ಅನ್ನಕ್ಕೆ ಮಣ್ಣು ಹಾಕಿದಿ ಎಂದು ಬೈದಳು. ದೊಡ್ಡವ್ವ ಬಸ್ಸು ನಿಲ್ಲುವ ಕಡೆ ನಡೆದಳು.

ನಾನು ಅಜಿತ ಸರ್ ಅವರ ಕಾರಿನಲ್ಲಿ ಕೂತೆ. ಕಾರು ತಿರುಗುವಾಗ ಅವಳು ಬಸ್ಸಿಗೆ ಕಾಯುತ್ತ ನಿಂತಿದ್ದು ಕಂಡಿತು. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಕಾರು ನಿಲ್ಲಿಸಿರಿ ಎನ್ನಬೇಕೆಂದು ಅನಿಸಿತು. ಅಷ್ಟರಲ್ಲಿ ಅಜಿತ ಸರ್, "ಓದೂದು ಚಲೋ ಓದಿದ್ರಿ," ಎಂದರು. ಥ್ಯಾಂಕ್ಯೂ ಎಂದೆ.

ಏಪ್ರಿಲ್ 25

ತಲೆನೋವು. ರಜೆ.

ಮೇ 9

ಸಿದ್ರಾಯ ಇಂದು ನನ್ನ ಜೊತೆ ಮಾತಾಡಿದ. ಮಾತು ಬಿಟ್ಟು ಎರಡು ವಾರವಾಗಿತ್ತು. ಓಣಿಯಲ್ಲಿ ದೊಡ್ಡವ್ವನ ಮನೆಗೆ ಯಾರೂ ಹೋಗುವುದಿಲ್ಲವಂತೆ, ಸೀರೆಯ ಗಂಟು ಹಾಕಿಕೊಳ್ಳಲು ಪಕ್ಕದ ಮನೆಯ ಸಾತವ್ವನನ್ನು ಕರೆಯಬೇಕಂತೆ. ಹದಿನೈದು ದಿನಕ್ಕೆ ಮತ್ತೆ ತೋರಿಸು ಎಂದಿದ್ದರಲ್ಲ, ಯಾಕೆ ಬರಲಿಲ್ಲ ಎಂದು ಕೇಳಿದೆ.

"ಒಳಗ ಬರಬ್ಯಾಡಾ ಅಂದೀರಂತಲ್ಲರಿ ಬಾಯಾರ," ಎಂದ.

ಎಷ್ಟೋ ವರ್ಷದ ಹಿಂದೆ ಹೇಳಿದ್ದನ್ನು ಹಿಡಿದುಕೊಂಡು ಕೂತರೆ ನಾನೇನು ಮಾಡಲಿ?

ಜೂನ್ 16, ಮೂಡಲಗಿ

ಮುಖ್ಯಸ್ಥೆಯಾಗಿ ಮೊದಲ ದಿನ. ಬಾಗಿಲ ಮೇಲೆ ಹೆಸರು, ಮೇಜಿನ ಮೇಲೆ ಗಾಜು, ಕಿಟಕಿಗೆ ಪರದೆ. ಮಾಲೀಕರು ಒಂದು ಡಬ್ಬಿ ಕರದಂಟು ಕಳಿಸಿದ್ದರು. ನನ್ನ ಕೈಕೆಳಗೆ ಇಬ್ಬರು ಹುಡುಗಿಯರು, ಶೋಭಾ ಮತ್ತು ಮಯೂರಿ. ಇಬ್ಬರಿಗೂ ಚೀಟಿ ತುಂಬುವುದನ್ನು ಹೇಳಿಕೊಟ್ಟೆ. ಮಯೂರಿ ಚುರುಕು. "ಯಾಕ ಬಂತು ಅಂತ ಕೇಳೂದು ಬ್ಯಾಡೇನ್ರಿ ಮೇಡಂ?" ಎಂದಳು. ಹೊಸಬರು ಮಾಡುವ ತಪ್ಪು ಅದು ಎಂದು ತಿಳಿಸಿ ಹೇಳಿದೆ.

ಮಧ್ಯಾಹ್ನ ಖಾನಾವಳಿಯಿಂದ ರೊಟ್ಟಿ ತರಿಸಿದೆ. ಮಷಿನ್ನಿನಲ್ಲಿ ಮಾಡಿದ್ದು, ದುಂಡಗೆ ಒಂದೇ ಅಳತೆ, ಅಂಚು ಎಲ್ಲೂ ಹರಿದಿರಲಿಲ್ಲ. ಅರ್ಧ ತಿಂದು ಬಿಟ್ಟೆ.

ಊಟದ ನಂತರ ಗೋಕಾಕದಿಂದ ಬಂದ ಬಾಕಿ ಫೈಲುಗಳ ಪಟ್ಟಿ ತೆಗೆದೆ. ಮತ್ತೆ ಬಾರದ ರೋಗಿಗಳು ನೂರಾ ನಲವತ್ತು. ಹೊಸ ಶಾಖೆಯನ್ನು ಇಷ್ಟು ಬಾಕಿ ಇಟ್ಟುಕೊಂಡು ಶುರು ಮಾಡುವುದು ಚಂದವಲ್ಲ. ಹಳೆಯ ಪದ್ಧತಿಯೇ ಅನುಕೂಲ ಎಂದು ಅಜಿತ ಸರ್‌ಗೆ ಹೇಳಿ ಒಪ್ಪಿಗೆ ಪಡೆದೆ. ಸಂಜೆಯತನಕ ಕೂತು ಒಂದೊಂದೇ ಮುಗಿಸಿದೆ.

ನೂರಾ ಮೂವತ್ತೆಂಟನೆಯದು ಸಾವಂತ್ರೆವ್ವ, 54, ಘೋಡಗೇರಿ, ಬಲಗೈ. ಕೊನೆಯ ಭೇಟಿ ಮಾರ್ಚ್ 11. ಮೂರು ತಿಂಗಳು ಕಳೆದು ಐದು ದಿನ. ಮತ್ತೆ ಬಂದಿಲ್ಲ. ಗುಣವಾಗಿದೆ ಎಂದು ಬರೆದು ಮುಚ್ಚಿದೆ.